ಮೋಟೋಜಿಪಿ ಬಿಟ್ಟ ತಂಡ: ಓಡಿಹೋಯಿತೋ, ತವರಿಗೆ ಬಂತೋ?

ಪ್ರಶ್ನೆ: ಐದಾರು ವರ್ಷದಿಂದ ಮೋಟೋಜಿಪಿಯ, ಅಂದರೆ ಬೈಕು ರೇಸಿನ ಅತಿ ಮೇಲಿನ ವಿಶ್ವ ಚಾಂಪಿಯನ್‌ಶಿಪ್ಪಿನ, ಒಂದು ರೇಸನ್ನೂ ಬಿಡದೆ ನೋಡುತ್ತಿದ್ದೇನೆ. ನನ್ನ ಮೆಚ್ಚಿನ ತಂಡ ಕಂಪನಿಯ ಸ್ವಂತ ತಂಡವಲ್ಲ. ಬಾಡಿಗೆ ಬೈಕು ಓಡಿಸುವ ಸಣ್ಣ ತಂಡ. ಮೂರು ಸೀಸನ್‌ನಿಂದ ಕೊನೆಯ ಎರಡು ಸಾಲು ಬಿಟ್ಟು ಮುಂದೆ ಬಂದಿಲ್ಲ. ಈಗ ಅವರು ವರ್ಲ್ಡ್ ಸೂಪರ್‌ಬೈಕ್ ಎಂಬ ಬೇರೆ ಚಾಂಪಿಯನ್‌ಶಿಪ್‌ಗೋ ಮೋಟೋಜಿಪಿಗಿಂತ ಒಂದು ಮೆಟ್ಟಿಲು ಕೆಳಗಿನ ಮೋಟೋ2ಗೋ ಹೋಗುವ ಯೋಚನೆಯಲ್ಲಿದ್ದಾರೆ ಅಂತ ಸುದ್ದಿ. ಇದು ಸೋತು ಓಡಿಹೋದ ಹಾಗಲ್ವಾ? ಅಲ್ಲಿ ಹೋದರೆ ನಿಜವಾಗಲೂ ಗೆಲ್ಲಬಹುದಾ? ಹೋಗೋದು ಅಂದ್ರೆ ಬೈಕು ಲಾರಿಗೆ ಹಾಕಿಕೊಂಡು ಬೇರೆ ಟ್ರ್ಯಾಕಿಗೆ ಹೋಗೋದಷ್ಟೇನಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಲಾರಿಗೆ ಹಾಕಲು ಆ ತಂಡದ ಬಳಿ ಬೈಕೇ ಇರುವುದಿಲ್ಲ.

ಮೋಟೋಜಿಪಿಯಲ್ಲಿ ಸಣ್ಣ ತಂಡಗಳು ಬೈಕನ್ನು ಕೊಳ್ಳುವುದಿಲ್ಲ, ಕಂಪನಿಯಿಂದ ಬಾಡಿಗೆಗೆ ಪಡೆಯುತ್ತವೆ. ಸೀಸನ್ ಮುಗಿದ ಮೇಲೆ ಎಂಜಿನ್, ಚಾಸಿ (ಬೈಕಿನ ಚೌಕಟ್ಟು), ಬಿಡಿಭಾಗ ಎಲ್ಲ ವಾಪಸ್ ಕಾರ್ಖಾನೆಗೆ. ಕಂಪನಿಯ ಎಂಜಿನಿಯರ್‌ಗಳು ಕೆಲವರು ಬೈಕಿನ ಜೊತೆಗೇ ಬಂದಿರುತ್ತಾರೆ, ಬೈಕಿನ ಜೊತೆಗೇ ಹೋಗುತ್ತಾರೆ. ಬಾಡಿಗೆ ಮನೆ ಖಾಲಿ ಮಾಡುವಾಗ ಪಾತ್ರೆ-ಪಗಡ ಮಾತ್ರ ನಮ್ಮದು, ಗೋಡೆ ನಮ್ಮದಲ್ಲ, ಅಲ್ವಾ? ಹಾಗೆಯೇ ಇದು. ತಂಡದ ಹತ್ತಿರ ಉಳಿಯುವುದು ಲಾರಿಗಳು, ಟೂಲ್‌ಬಾಕ್ಸ್‌ಗಳು, ಕಂಪ್ಯೂಟರ್‌ಗಳು, ಮೆಕ್ಯಾನಿಕ್‌ಗಳು ಮತ್ತು ಸ್ಪಾನ್ಸರ್ ಜೊತೆಗಿನ ಒಪ್ಪಂದ. ಆ ಒಪ್ಪಂದವೂ ಸಾಮಾನ್ಯವಾಗಿ ಮೋಟೋಜಿಪಿಯ ಹೆಸರು ನೋಡಿ ಆಗಿದ್ದು.

ಒಂದು ವೇಳೆ ಬೈಕು ಕೈಯಲ್ಲಿದ್ದರೂ ಪ್ರಯೋಜನವಿಲ್ಲ. ಮೋಟೋಜಿಪಿ ಬೈಕು ರೇಸಿಗೆಂದೇ ಕಟ್ಟಿದ ಯಂತ್ರ, ಅಂಗಡಿಯಲ್ಲಿ ಸಿಗುವುದಿಲ್ಲ. ವರ್ಲ್ಡ್ ಸೂಪರ್‌ಬೈಕ್ 1988ರಲ್ಲಿ ಶುರುವಾದದ್ದೇ ಇದಕ್ಕೆ ತದ್ವಿರುದ್ಧವಾದ ಯೋಚನೆಯಿಂದ. ಜನ ಶೋರೂಮಿನಲ್ಲಿ ಕೊಳ್ಳಬಹುದಾದ ಬೈಕನ್ನೇ ತಿದ್ದಿ ತೀಡಿ ಓಡಿಸಬೇಕು. ಮೋಟೋ2ರಲ್ಲಿ ಇನ್ನೊಂದು ಪದ್ಧತಿ. 2019ರಿಂದ ಎಲ್ಲರಿಗೂ ಒಂದೇ ಎಂಜಿನ್, ಟ್ರಯಂಫ್ ಕಂಪನಿಯ ಮೂರು ಸಿಲಿಂಡರಿನ 765 ಸಿಸಿ. ಅದನ್ನು ಆಯೋಜಕರೇ ಹಂಚುತ್ತಾರೆ, ರಿಪೇರಿಯೂ ಅವರ ಕಡೆಯಿಂದಲೇ. ತಂಡ ಚಾಸಿ ಮಾತ್ರ ಆರಿಸಿಕೊಳ್ಳುತ್ತದೆ. ಹೀಗಾಗಿ ಚಾಂಪಿಯನ್‌ಶಿಪ್ ಬದಲಿಸುವುದೆಂದರೆ ಊರು ಬದಲಿಸಿದಂತಲ್ಲ, ಕಸುಬು ಬದಲಿಸಿದಂತೆ.

ಎಷ್ಟು ವ್ಯತ್ಯಾಸ ಅಂತ ಸ್ವಲ್ಪ ಹೇಳುತ್ತೇನೆ, ಏಕೆಂದರೆ ಟಿವಿಯಲ್ಲಿ ನೋಡಿದಾಗ ಎರಡೂ ಒಂದೇ ಥರ ಕಾಣುತ್ತವೆ. ಈಗಿನ ನಿಯಮದಲ್ಲಿ ಮೋಟೋಜಿಪಿ ಬೈಕಿನ ಕನಿಷ್ಠ ತೂಕ 157 ಕಿಲೋ, ಸೂಪರ್‌ಬೈಕಿನದು 168. ಮೋಟೋಜಿಪಿಯಲ್ಲಿ ಕಾರ್ಬನ್ ಬ್ರೇಕ್, ಸೂಪರ್‌ಬೈಕಿನಲ್ಲಿ ಸ್ಟೀಲ್. ಕಾರ್ಬನ್ ಡಿಸ್ಕ್ ಕಾದರೇನೇ ಹಿಡಿಯುವುದು, ಆದರೆ ಹಿಡಿದರೆ ಬಿಡುವುದಿಲ್ಲ. ಅದಕ್ಕೆ ಒಗ್ಗಿದ ರೈಡರ್ ಸ್ಟೀಲ್ ಡಿಸ್ಕಿಗೆ ಬಂದ ಮೊದಲ ದಿನ ಪ್ರತಿ ತಿರುವಿನಲ್ಲೂ ಒಂದಷ್ಟು ದೂರ ಮುಂದೆ ಹೋಗಿ ನಿಲ್ಲುತ್ತಾನೆ. ನೇರ ದಾರಿಯಲ್ಲಿ ಬೈಕಿನ ಬೆನ್ನು ತಗ್ಗಿಸುವ ಸಾಧನ ಮೋಟೋಜಿಪಿಯಲ್ಲಿದೆ, ಅಲ್ಲಿಲ್ಲ. ಮೋಟೋಜಿಪಿಯಲ್ಲಿ ಒಬ್ಬ ರೈಡರ್‌ಗೆ ಎರಡು ಬೈಕು. ಮಳೆ ಬಂದರೆ ಪಿಟ್‌ಗೆ ಬಂದು ಇನ್ನೊಂದು ಬೈಕು ಹತ್ತಿ ಹೊರಟರಾಯಿತು. ಸೂಪರ್‌ಬೈಕಿನಲ್ಲಿ 2012ರಿಂದ ಒಂದೇ ಬೈಕು. ಮಳೆ ಬಂದರೆ ಮೆಕ್ಯಾನಿಕ್‌ಗಳು ಚಕ್ರ ಬಿಚ್ಚಿ ಹಾಕಬೇಕು. ಶನಿವಾರ ಬೆಳಿಗ್ಗೆ ರೈಡರ್ ಬಿದ್ದು ಬೈಕು ಮುರಿದರೆ ಮಧ್ಯಾಹ್ನದ ರೇಸಿನೊಳಗೆ ಅದೇ ಬೈಕನ್ನು ಎಬ್ಬಿಸಿ ನಿಲ್ಲಿಸಬೇಕು. ಮೋಟೋಜಿಪಿ ಮೆಕ್ಯಾನಿಕ್ ಕೈಚಳಕದಲ್ಲಿ ಕಡಿಮೆಯೇನಲ್ಲ. ಆದರೆ ಈ ಅವಸರದ ಕೆಲಸ ಅವನಿಗೆ ಅಭ್ಯಾಸವಿಲ್ಲ.

ಎಲ್ಲಕ್ಕಿಂತ ದೊಡ್ಡದು ಟೈರು. 2016ರಿಂದ ಮೋಟೋಜಿಪಿಯಲ್ಲಿ ಮಿಶೆಲಿನ್, 2004ರಿಂದ ಸೂಪರ್‌ಬೈಕಿನಲ್ಲಿ ಪಿರೆಲ್ಲಿ. ನಾನು ಹಿಂದೆ ಒಂದು ಸಣ್ಣ ತಂಡದಲ್ಲಿ ಸಸ್ಪೆನ್ಶನ್ ನೋಡಿಕೊಳ್ಳುತ್ತಿದ್ದಾಗ ಒಮ್ಮೆ ಟೈರು ಕಂಪನಿ ಬದಲಾಯಿತು. ನನ್ನ ಹತ್ತಿರ ಆರು ವರ್ಷದ ನೋಟ್‌ಬುಕ್ ಇತ್ತು. ಯಾವ ಟ್ರ್ಯಾಕಿಗೆ ಎಷ್ಟು ಸ್ಪ್ರಿಂಗ್, ಬಿಸಿಲಿಗೆ ಎಷ್ಟು, ಚಳಿಗೆ ಎಷ್ಟು, ಎಲ್ಲ ಬರೆದಿಟ್ಟಿದ್ದೆ. ಒಂದೇ ವಾರದಲ್ಲಿ ಅದು ರದ್ದಿಗೆ ಸಮ. ಹೊಸ ಟೈರು ಹಳೆಯದಕ್ಕಿಂತ ಕೆಟ್ಟದಾಗಿರಲಿಲ್ಲ. ಅದಕ್ಕೆ ಬೈಕಿನ ತೂಕ ಬೇರೆ ಕಡೆ ಕೂರಬೇಕಿತ್ತು, ಅಷ್ಟೇ. ಎಲ್ಲಿ ಕೂರಬೇಕು ಅಂತ ಗೊತ್ತಾಗುವ ಹೊತ್ತಿಗೆ ಸೀಸನ್ ಮುಗಿದಿತ್ತು. ಬೈಕೂ ರೈಡರೂ ಅವರೇ, ಟೈರು ಮಾತ್ರ ಬೇರೆ, ಅದಕ್ಕೇ ಒಂದು ವರ್ಷ ಹಿಡಿಯಿತು. ಎಲ್ಲವೂ ಬದಲಾದರೆ ಎಷ್ಟು ಹಿಡಿಯುತ್ತದೆ ಅಂತ ಊಹಿಸಿ.

ಈಗ ನಿಮ್ಮ ಎರಡನೇ ಪ್ರಶ್ನೆ. ಅಲ್ಲಿ ಹೋದರೆ ಗೆಲ್ಲಬಹುದಾ? ಇದಕ್ಕೆ ಮೊದಲು ಇಲ್ಲಿ ಏಕೆ ಸೋಲುತ್ತಿದ್ದಾರೆ ಅಂತ ಕೇಳಬೇಕು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೆಲ ನಿಜವಾಗಲೂ ಡೊಂಕಾಗಿರುವುದೂ ಉಂಟು. ಎರಡರಲ್ಲಿ ಯಾವುದು ಅಂತ ತಿಳಿಯದೆ ನೆಲ ಬದಲಿಸಿ ಉಪಯೋಗವಿಲ್ಲ.

ದುಡ್ಡೇ ತೊಂದರೆಯಾಗಿದ್ದರೆ ಬದಲಾವಣೆಗೆ ಅರ್ಥವಿದೆ. 2025ರಲ್ಲಿ ಮೋಟೋಜಿಪಿಗೆ 22 ಸುತ್ತು, ಅಂದರೆ 22 ರೇಸ್ ವಾರಾಂತ್ಯ. ಥಾಯ್ಲೆಂಡ್, ಅರ್ಜೆಂಟೀನಾ, ಅಮೆರಿಕ, ಕತಾರ್, ಜಪಾನ್, ಇಂಡೊನೇಷ್ಯಾ, ಆಸ್ಟ್ರೇಲಿಯಾ, ಮಲೇಷ್ಯಾ, ಎಲ್ಲ ವಿಮಾನದ ದಾರಿ. ಅದೇ ವರ್ಷ ಸೂಪರ್‌ಬೈಕಿಗೆ 12 ಸುತ್ತು. ಫಿಲಿಪ್ ಐಲ್ಯಾಂಡ್ ಒಂದನ್ನು ಬಿಟ್ಟರೆ ಉಳಿದ ಹನ್ನೊಂದೂ ಯೂರೋಪಿನೊಳಗೆ. ಲಾರಿ ಹತ್ತಿಸಿದರೆ ಸಾಕು. ಜನರ ಊಟ, ವಸತಿ, ಪ್ರಯಾಣ ಹತ್ತಿರಹತ್ತಿರ ಅರ್ಧವಾಗುತ್ತದೆ. ಬೈಕಿನ ಲೆಕ್ಕವೂ ಬೇರೆ. ಸೂಪರ್‌ಬೈಕು ಒಮ್ಮೆ ಕೊಂಡರೆ ತಂಡದ್ದೇ, ಮುಂದಿನ ವರ್ಷಕ್ಕೂ ಬರುತ್ತದೆ, ಮಾರಿದರೆ ಒಂದಷ್ಟು ದುಡ್ಡೂ ಬರುತ್ತದೆ. ಆದರೆ ಖರ್ಚು ಇಳಿದ ಹಾಗೆ ವರಮಾನವೂ ಇಳಿಯುತ್ತದೆ ಎನ್ನುವುದನ್ನು ಅಭಿಮಾನಿಗಳು ಮರೆಯುತ್ತಾರೆ. ಮೋಟೋಜಿಪಿಯಲ್ಲಿ ಸಣ್ಣ ತಂಡಗಳಿಗೆ ಆಯೋಜಕರ ನೆರವು ಸಿಗುತ್ತದೆ. ಕೊನೆಯ ಸಾಲಿನ ಬೈಕೂ ಆಗಾಗ ಟಿವಿಯಲ್ಲಿ ಕಾಣುತ್ತದೆ. ಸೂಪರ್‌ಬೈಕಿನ ಕೊನೆಯ ಸಾಲನ್ನು ಯಾರು ನೋಡುತ್ತಾರೆ? ಸ್ಪಾನ್ಸರ್ ಕೇಳುವ ಮೊದಲ ಮಾತೇ ಇದು.

ಬೈಕು ತೊಂದರೆಯಾಗಿದ್ದರೆ ಚಾಂಪಿಯನ್‌ಶಿಪ್ ಬದಲಿಸುವ ಮೊದಲು ಬೈಕು ಬದಲಿಸಬಹುದು. ಇದಕ್ಕೆ ಗ್ರೆಸಿನಿ ತಂಡಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 2015ರಿಂದ 2021ರವರೆಗೆ ಅವರು ಅಪ್ರಿಲಿಯಾ ಜೊತೆಗಿದ್ದರು. ಏಳು ಸೀಸನ್, ಒಂದೂ ಗೆಲುವಿಲ್ಲ. 2021ರ ಫೆಬ್ರುವರಿಯಲ್ಲಿ ತಂಡ ಕಟ್ಟಿದ ಫೌಸ್ಟೊ ಗ್ರೆಸಿನಿ ತೀರಿಕೊಂಡರು. ತಂಡ ಮುಚ್ಚಿಹೋಗಬಹುದಿತ್ತು. ಅವರ ಪತ್ನಿ ನಾಡಿಯಾ ಪಡೊವಾನಿ ಜವಾಬ್ದಾರಿ ಹೊತ್ತುಕೊಂಡರು. 2022ಕ್ಕೆ ಡುಕಾಟಿ ಬೈಕು ಬಾಡಿಗೆಗೆ ಬಂತು, ಅದೂ ಹಿಂದಿನ ವರ್ಷದ್ದು. ಮೊದಲ ರೇಸು ಕತಾರಿನಲ್ಲಿ. ಎನಿಯಾ ಬಾಸ್ತಿಯಾನಿನಿ ಗೆದ್ದೇಬಿಟ್ಟ. ಆ ವರ್ಷ ಒಟ್ಟು ನಾಲ್ಕು ಗೆಲುವು, ಚಾಂಪಿಯನ್‌ಶಿಪ್‌ನಲ್ಲಿ ಮೂರನೇ ಸ್ಥಾನ. ಅದೇ ಚಾಂಪಿಯನ್‌ಶಿಪ್, ಬೇರೆ ಬೈಕು. ಏಳು ವರ್ಷ ಸೋತದ್ದನ್ನು ನೋಡಿ ಯಾರಾದರೂ ಇವರಿಗೆ ಸೂಪರ್‌ಬೈಕಿಗೆ ಹೋಗಿ ಅಂತ ಬುದ್ಧಿ ಹೇಳಿದ್ದರೆ?

ಮೂರನೆಯದು ಜನ. ಡೇಟಾ ಓದಲು ಬಾರದ ಎಂಜಿನಿಯರ್, ರೈಡರ್ ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳದ ಕ್ರೂ ಚೀಫ್ (ಮೆಕ್ಯಾನಿಕ್‌ಗಳ ಮುಖ್ಯಸ್ಥ), ವರ್ಷಕ್ಕೊಬ್ಬ ಮ್ಯಾನೇಜರ್. ಈ ರೋಗ ಇದ್ದರೆ ಅದು ಲಾರಿಯಲ್ಲೇ ಕೂತು ಜೊತೆಗೆ ಬರುತ್ತದೆ. ಇದರ ಬಗ್ಗೆ ಜಾಸ್ತಿ ಹೇಳುವುದೇನೂ ಇಲ್ಲ.

ಇನ್ನು ನಿಜವಾಗಿ ಬಿಟ್ಟುಹೋದವರ ಕಥೆ ನೋಡೋಣ. ನಿಮ್ಮ ಮೊದಲ ಪ್ರಶ್ನೆಗೆ, ಅಂದರೆ ಇದು ಓಡಿಹೋಗುವುದಾ ಎಂಬುದಕ್ಕೆ, ಉತ್ತರ ಇಲ್ಲಿದೆ. ಹೋದವರೆಲ್ಲ ಸೋಲಲಿಲ್ಲ, ಹೋದವರೆಲ್ಲ ಗೆಲ್ಲಲೂ ಇಲ್ಲ. ಯಾರು ಗೆದ್ದರು ಅಂತ ನೋಡುತ್ತಾ ಹೋದರೆ ಒಂದು ವಿಷಯ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಗೆದ್ದವರು ಹೊಸ ಊರಿಗೆ ಹೋದವರಲ್ಲ, ತವರಿಗೆ ವಾಪಸ್ ಬಂದವರು.

ಕವಾಸಾಕಿಯನ್ನೇ ತೆಗೆದುಕೊಳ್ಳಿ. ಇದು ಸಣ್ಣ ತಂಡವಲ್ಲ, ದೊಡ್ಡ ಕಂಪನಿ. 2002ರ ಕೊನೆಯಲ್ಲಿ ಮೋಟೋಜಿಪಿಗೆ ಬಂದು 2008ರವರೆಗೆ ಓಡಿಸಿದರು. ಕೆಲವು ಪೋಡಿಯಂ (ಮೊದಲ ಮೂರರೊಳಗಿನ ಸ್ಥಾನ) ಸಿಕ್ಕವು, ಗೆಲುವು ಒಂದೂ ಸಿಗಲಿಲ್ಲ. ಆರ್ಥಿಕ ಹಿಂಜರಿತದ ಹೊಡೆತಕ್ಕೆ 2009ರ ಜನವರಿಯಲ್ಲಿ ಕೈಚೆಲ್ಲಿದರು. ಸೀಸನ್ ಶುರುವಾಗಲು ಮೂರೇ ತಿಂಗಳು ಬಾಕಿ ಇತ್ತು. ಬೈಕು ಆಗಲೇ ತಯಾರಾಗಿದ್ದರಿಂದ ಹಯಾಟೆ ಎಂಬ ಹೆಸರಿನಲ್ಲಿ ಒಂದೇ ಬೈಕಿನ ತಂಡವಾಗಿ ಆ ವರ್ಷ ತಳ್ಳಿದರು. ತಮಾಷೆ ನೋಡಿ, ಅನಾಥವಾದ ಆ ಕಪ್ಪು ಬೈಕಿನಲ್ಲಿ ಮಾರ್ಕೊ ಮೆಲಾಂಡ್ರಿ ಲೆ ಮಾನ್‌ನಲ್ಲಿ ಎರಡನೇ ಸ್ಥಾನ ತಂದ! ಆದರೂ ವರ್ಷದ ಕೊನೆಗೆ ಬಾಗಿಲು ಮುಚ್ಚಿತು. ಕಂಪನಿಯ ಗಮನ ಪೂರ್ತಿ ಸೂಪರ್‌ಬೈಕಿನ ಕಡೆ ಹರಿಯಿತು.

ಅಲ್ಲಿ ತಕ್ಷಣ ಗೆದ್ದರೇ? ಇಲ್ಲ. 2009, 2010 ಎರಡೂ ವರ್ಷ ಸೂಪರ್‌ಬೈಕಿನಲ್ಲೂ ಅವರು ಹಿಂದೆಯೇ. 2011ಕ್ಕೆ ಹೊಸ ಝಡ್‌ಎಕ್ಸ್-10ಆರ್ ಬೈಕು ಶೋರೂಮಿಗೆ ಬಂತು. ಆಮೇಲೆ ಗಾಳಿ ತಿರುಗಿತು. 2012ರಲ್ಲಿ ಟಾಮ್ ಸೈಕ್ಸ್ ಚಾಂಪಿಯನ್‌ಶಿಪ್ ಕಳೆದುಕೊಂಡದ್ದು ಕೇವಲ ಅರ್ಧ ಪಾಯಿಂಟಿನಿಂದ, ಅಪ್ರಿಲಿಯಾದ ಮ್ಯಾಕ್ಸ್ ಬಿಯಾಜಿ ಎದುರು. ಅರ್ಧ ಪಾಯಿಂಟ್! 2013ರಲ್ಲಿ ಸೈಕ್ಸ್ ಗೆದ್ದ. 2015ರಿಂದ 2020ರವರೆಗೆ ಜೊನಾಥನ್ ರೇ ಸತತ ಆರು ಸಲ ಗೆದ್ದ. ಮೋಟೋಜಿಪಿಯಲ್ಲಿ ಏಳು ವರ್ಷದಲ್ಲಿ ಒಂದು ರೇಸು ಗೆಲ್ಲಲಾರದ ಕಂಪನಿ ಸೂಪರ್‌ಬೈಕಿನ ರಾಜನಾಯಿತು.

ಇದರಲ್ಲಿ ಗಮನಿಸಬೇಕಾದದ್ದು ಎರಡು. ಒಂದು, ಕವಾಸಾಕಿಗೆ ಸೂಪರ್‌ಬೈಕು ಹೊಸದಾಗಿರಲಿಲ್ಲ. 1993ರಲ್ಲೇ ಸ್ಕಾಟ್ ರಸೆಲ್ ಅವರ ಬೈಕಿನಲ್ಲಿ ಚಾಂಪಿಯನ್ ಆಗಿದ್ದ. ರಸ್ತೆಯ ಬೈಕನ್ನು ರೇಸಿಗೆ ಹುರಿಗೊಳಿಸುವುದು ಅವರ ಮನೆಯ ವಿದ್ಯೆ. ಇನ್ನೊಂದು, ಪೂರ್ತಿ ಗಮನ ಇತ್ತ ತಿರುಗಿಸಿದ ದಿನದಿಂದ ಕಿರೀಟದವರೆಗೆ ಐದು ಸೀಸನ್ ಹಿಡಿಯಿತು. ಕಂಪನಿಗೆ ಅಷ್ಟು ತಾಳ್ಮೆ ಇತ್ತು, ಹೊಸ ಬೈಕು ಮಾಡುವ ಕಾರ್ಖಾನೆಯೂ ಇತ್ತು. ನಿಮ್ಮ ಮೆಚ್ಚಿನ ತಂಡಕ್ಕೆ ಕಾರ್ಖಾನೆ ಇಲ್ಲ. ಸೂಪರ್‌ಬೈಕಿನಲ್ಲಿ ಅರ್ಧ ಯುದ್ಧ ಶೋರೂಮಿನ ಬೈಕಿನಲ್ಲೇ ಮುಗಿದಿರುತ್ತದೆ. ಆ ಬೈಕು ಸಾಧಾರಣವಾಗಿದ್ದರೆ ಪಿಟ್‌ನಲ್ಲಿ ಎಷ್ಟು ಬೆವರು ಸುರಿಸಿದರೂ ಅಷ್ಟೇ.

ಇದೇ ಕಥೆಗೆ ಒಂದು ಕಹಿ ಬಾಲವಿದೆ. 2009ರಿಂದ 2011ರವರೆಗೆ ಕವಾಸಾಕಿಯ ಸೂಪರ್‌ಬೈಕ್ ತಂಡವನ್ನು ನಡೆಸಿದ್ದು ಬ್ರಿಟನ್ನಿನ ಪಾಲ್ ಬರ್ಡ್ ಮೋಟರ್‌ಸ್ಪೋರ್ಟ್. ಕೆಟ್ಟ ದಿನಗಳನ್ನೆಲ್ಲ ಅವರೇ ಉಂಡರು. 2012ಕ್ಕೆ ಆ ತಂಡ ಸ್ಪೇನಿನ ಪ್ರೊವೆಕ್ ಕೈಗೆ ಹೋಯಿತು, ಕಿರೀಟಗಳೂ ಅವರಿಗೇ ಸಿಕ್ಕವು. ಬರ್ಡ್ ತಂಡ ಮೋಟೋಜಿಪಿಗೆ ಹಾರಿತು. ಆಗ ಗ್ರಿಡ್‌ನಲ್ಲಿ, ಅಂದರೆ ರೇಸು ಶುರುವಾಗುವ ಸಾಲುಗಳಲ್ಲಿ, ಬೈಕುಗಳು ತೀರಾ ಕಡಿಮೆಯಾಗಿದ್ದವು. ಸಣ್ಣ ತಂಡಗಳು ಸಿಆರ್‌ಟಿ ಎಂಬ ನಿಯಮದಡಿ ರಸ್ತೆ ಬೈಕಿನ ಎಂಜಿನ್ನನ್ನು ರೇಸ್ ಚಾಸಿಯಲ್ಲಿ ಕೂರಿಸಿ ಬರಬಹುದು ಎಂದು ಬಾಗಿಲು ತೆರೆದಿದ್ದರು. ಬಾಗಿಲು ಅಗಲವಾಗಿತ್ತು, ಆದರೆ ಒಳಗೆ ಕೂತವರು ಹೋಂಡಾ, ಯಮಹಾ, ಡುಕಾಟಿ. ಬರ್ಡ್ ತಂಡ ಮೂರು ವರ್ಷ ಹಿಂದಿನ ಸಾಲಿನಲ್ಲಿ ಓಡಿ 2014ರ ಕೊನೆಗೆ ಹೊರಬಂತು. ಹೋದದ್ದೆಲ್ಲಿಗೆ? ತಮ್ಮದೇ ದೇಶದ ಬ್ರಿಟಿಷ್ ಸೂಪರ್‌ಬೈಕಿಗೆ. ಅಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ (ಹಿಂದಿನ ಚಕ್ರ ಜಾರದಂತೆ ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಇಲ್ಲ, ಬೈಕನ್ನು ಕೈಯಲ್ಲೇ ಪಳಗಿಸಬೇಕು. ಆ ವಿದ್ಯೆ ಅವರಿಗೆ ಕರಗತ. 2016, 2017ರಲ್ಲಿ ಶೇನ್ ಬರ್ನ್ ಅವರಿಗೆ ಪ್ರಶಸ್ತಿ ತಂದ. 2019ರಲ್ಲಿ ಸ್ಕಾಟ್ ರೆಡಿಂಗ್ ತಂದ. ರೆಡಿಂಗ್ ಹಿಂದಿನ ವರ್ಷವಷ್ಟೇ ಮೋಟೋಜಿಪಿಯಲ್ಲಿ ಜಾಗ ಕಳೆದುಕೊಂಡವನು. ಒಬ್ಬ ಸೋತ ರೈಡರ್, ಒಂದು ಸೋತ ತಂಡ, ಇಬ್ಬರೂ ಮನೆಯಂಗಳದಲ್ಲಿ ಸಿಕ್ಕಿ ಗೆದ್ದರು.

2018ರ ಕೊನೆಗೆ ಎರಡು ತಂಡಗಳು ಒಟ್ಟಿಗೆ ಮೋಟೋಜಿಪಿ ಬಿಟ್ಟವು. ಬೆಲ್ಜಿಯಂನ ಮಾರ್ಕ್ ವಿಡಿಎಸ್ ಒಂದು. 2016ರ ಅಸೆನ್ ಮಳೆಯಲ್ಲಿ ಜ್ಯಾಕ್ ಮಿಲ್ಲರ್ ಇವರ ಬೈಕಿನಲ್ಲೇ ಗೆದ್ದದ್ದು. ಕಂಪನಿಯದಲ್ಲದ ತಂಡ ಹತ್ತು ವರ್ಷದ ನಂತರ ಗೆದ್ದ ಮೊದಲ ರೇಸದು. ಆದರೆ ಅದು ಒಂದು ದಿನದ ಹಬ್ಬ. ಮೋಟೋಜಿಪಿ ಬಿಟ್ಟು ಮೋಟೋ2 ಮೇಲೆ ಗಮನ ಇಟ್ಟರು. ಆ ವರ್ಗದಲ್ಲಿ ಅವರು 2010ರಿಂದಲೂ ಇದ್ದವರು, 2014 ಮತ್ತು 2017ರಲ್ಲಿ ಗೆದ್ದವರು. 2019ರಲ್ಲಿ ಆಲೆಕ್ಸ್ ಮಾರ್ಕೆಸ್ ಮತ್ತೆ ಗೆದ್ದುಕೊಟ್ಟ. ಆಮೇಲೆ 2024ರಲ್ಲಿ ಡುಕಾಟಿ ಬೈಕಿನೊಂದಿಗೆ ವರ್ಲ್ಡ್ ಸೂಪರ್‌ಬೈಕಿಗೂ ಕಾಲಿಟ್ಟರು. ಅವಸರವಿಲ್ಲದೆ, ಕೈಯಲ್ಲಿ ಒಳ್ಳೆಯ ಬೈಕು ಹಿಡಿದು.

ಇನ್ನೊಂದು ತಂಡ ಸ್ಪೇನಿನ ಆಸ್ಪರ್. 2010ರಿಂದ 2018ರವರೆಗೆ ಮೋಟೋಜಿಪಿಯಲ್ಲಿ ಡುಕಾಟಿ, ಅಪ್ರಿಲಿಯಾ, ಹೋಂಡಾ, ಮತ್ತೆ ಡುಕಾಟಿ ಅಂತ ಬೈಕು ಬದಲಿಸುತ್ತಲೇ ಇದ್ದರು. ಒಂದೂ ಗೆಲುವಿಲ್ಲ. ಆದರೆ 125 ಸಿಸಿ ವರ್ಗದಲ್ಲಿ ಇವರದ್ದು ದೊಡ್ಡ ಹೆಸರು. 2006, 2007, 2009, 2011ರಲ್ಲಿ ಇವರ ಹುಡುಗರೇ ಚಾಂಪಿಯನ್. ಮೋಟೋಜಿಪಿಯಿಂದ ಇಳಿದು ಸಣ್ಣ ವರ್ಗಗಳಿಗೆ ಪೂರ್ತಿ ಮನಸ್ಸು ಕೊಟ್ಟ ಮೇಲೆ ಮೋಟೋ2ಗಿಂತಲೂ ಕೆಳಗಿನ ಮೋಟೋ3ರಲ್ಲಿ 2020, 2022 ಮತ್ತು 2024ರ ಪ್ರಶಸ್ತಿ ಬಂತು. 2024ರಲ್ಲಂತೂ ಡೇವಿಡ್ ಅಲೊನ್ಸೊ ಒಂದೇ ಸೀಸನ್ನಿನಲ್ಲಿ 14 ರೇಸು ಗೆದ್ದ. ಇದನ್ನು ಸೋತು ಓಡಿಹೋಗುವುದು ಅನ್ನುತ್ತೀರಾ? ನಾನಂತೂ ಅನ್ನುವುದಿಲ್ಲ. ಹುಡುಗರನ್ನು ಬೆಳೆಸುವ ತಂಡ ಹುಡುಗರಿರುವ ಜಾಗಕ್ಕೆ ಹೋಯಿತು.

ಸೂಪರ್‌ಬೈಕ್ ಒಳಗೂ ಇಂಥದ್ದೇ ನಡೆದಿದೆ. ಹಾಲೆಂಡಿನ ಟೆನ್ ಕೇಟ್ ತಂಡ ವರ್ಷಾನುಗಟ್ಟಲೆ ಹೋಂಡಾ ಜೊತೆಗಿತ್ತು, 2007ರಲ್ಲಿ ಜೇಮ್ಸ್ ಟೋಸ್‌ಲ್ಯಾಂಡ್ ಜೊತೆ ವರ್ಲ್ಡ್ ಸೂಪರ್‌ಬೈಕ್ ಗೆದ್ದಿತ್ತು. 2018ರ ಕೊನೆಗೆ ಆ ನಂಟು ಮುಗಿಯಿತು. 2019ರ ಮೊದಲ ರೇಸಿನಲ್ಲಿ ಗ್ರಿಡ್ ಮೇಲೆ ಅವರೇ ಇರಲಿಲ್ಲ. ನಡುವರ್ಷದಲ್ಲಿ ಯಮಹಾ ಹಿಡಿದು ಒಂದು ಬೈಕಿನೊಂದಿಗೆ ವಾಪಸ್ ಬಂದರು. 2021ಕ್ಕೆ ಒಂದು ಮೆಟ್ಟಿಲು ಇಳಿದು ಸೂಪರ್‌ಸ್ಪೋರ್ಟ್‌ಗೆ ಹೋದರು. 2000ರ ದಶಕದಲ್ಲಿ ಆ ವರ್ಗದಲ್ಲಿ ಸಾಲು ಸಾಲಾಗಿ ಗೆದ್ದವರು ಇವರೇ. ಹೋದ ಮೊದಲ ವರ್ಷದಲ್ಲೇ ಡೊಮಿನಿಕ್ ಎಗರ್ಟರ್ ಚಾಂಪಿಯನ್, ಮರುವರ್ಷ ಮತ್ತೆ ಅವನೇ, 2025ರಲ್ಲಿ ಸ್ಟೆಫಾನೊ ಮಾಂಜಿ.

ಇನ್ನು ಉಲ್ಟಾ ಉದಾಹರಣೆ. ಇಟಲಿಯ ಅಯೋಡಾ ರೇಸಿಂಗ್ ಕೆಲವು ವರ್ಷ ಮೋಟೋಜಿಪಿಯ ಕೊನೆಯ ಸಾಲಿನಲ್ಲಿತ್ತು. 2016ಕ್ಕೆ ಅಪ್ರಿಲಿಯಾ ಬೈಕು ಹಿಡಿದು ವರ್ಲ್ಡ್ ಸೂಪರ್‌ಬೈಕಿಗೆ ಬಂತು. ಬೈಕು ಕೆಟ್ಟದ್ದಲ್ಲ, ಎರಡು ವರ್ಷ ಹಿಂದೆ ಅದೇ ಮಾದರಿ ಚಾಂಪಿಯನ್ ಆಗಿತ್ತು. ಆದರೆ ತಂಡಕ್ಕೆ ಆ ಚಾಂಪಿಯನ್‌ಶಿಪ್ ಹೊಸದು, ಬೇರು ಬಿಡಲು ಕಾಲಾವಕಾಶವೂ ಇರಲಿಲ್ಲ. ಒಂದೇ ಸೀಸನ್. 2017ಕ್ಕೆ ಅಪ್ರಿಲಿಯಾ ಬೈಕುಗಳು ಬ್ರಿಟನ್ನಿನ ಬೇರೆ ತಂಡದ ಪಾಲಾದವು, ಅವರ ರೈಡರ್ ಒಬ್ಬ ಕೂಡ ಅತ್ತಲೇ ಹೋದ.

ರೈಡರ್ ವಿಚಾರದಲ್ಲಿ ಒಂದು ಎಚ್ಚರಿಕೆ. ಜನ ಆಲ್ವಾರೊ ಬೌಟಿಸ್ಟಾನನ್ನು ತೋರಿಸಿ ಸೂಪರ್‌ಬೈಕು ಸುಲಭ ಅನ್ನುತ್ತಾರೆ. 2018ರಲ್ಲಿ ಮೋಟೋಜಿಪಿಯಲ್ಲಿ 12ನೇ ಸ್ಥಾನ, 2019ರಲ್ಲಿ ಸೂಪರ್‌ಬೈಕಿಗೆ ಬಂದು ಮೊದಲ 11 ರೇಸೂ ಗೆಲುವು. ನಿಜ. ಆದರೆ ಆ ವರ್ಷದ ಚಾಂಪಿಯನ್ ಯಾರು ಗೊತ್ತೇ? ರೇ. ಬೌಟಿಸ್ಟಾ ಬೀಳತೊಡಗಿದ, ರೇ ಬೀಳಲಿಲ್ಲ. ಬೌಟಿಸ್ಟಾಗೆ ಕಿರೀಟ ಸಿಕ್ಕಿದ್ದು 2022 ಮತ್ತು 2023ರಲ್ಲಿ. ಆ 11 ಗೆಲುವಿನ ಹಿಂದೆ ಡುಕಾಟಿ ಆಗಷ್ಟೇ ಇಳಿಸಿದ ಪಾನಿಗಾಲೆ ವಿ4 ಆರ್ ಇತ್ತು, ಕಂಪನಿಯ ಸ್ವಂತ ತಂಡವೂ ಇತ್ತು. ನಿಮ್ಮ ತಂಡಕ್ಕೆ ಹತ್ತಿರವಾದ ಉದಾಹರಣೆ ಬೇಕೆಂದರೆ ಡ್ಯಾನಿಲೊ ಪೆಟ್ರುಚಿಯನ್ನು ನೋಡಿ. ಮೋಟೋಜಿಪಿಯಲ್ಲಿ ಜಾಗ ಹೋದ ಮೇಲೆ ಅವನು ಡಾಕರ್ ಎಂಬ ಮರುಭೂಮಿ ರ‍್ಯಾಲಿಗೆ ಹೋದ, ಅಮೆರಿಕದ ಚಾಂಪಿಯನ್‌ಶಿಪ್‌ಗೆ ಹೋದ, 2023ರಲ್ಲಿ ಬಾರ್ನಿ ಎಂಬ ಸಣ್ಣ ತಂಡಕ್ಕೆ ಬಂದ. 2024ರ ಸೆಪ್ಟೆಂಬರಿನಲ್ಲಿ ಕ್ರೆಮೋನಾದಲ್ಲಿ ಮೂರಕ್ಕೆ ಮೂರೂ ರೇಸು ಗೆದ್ದ. ಸಣ್ಣ ತಂಡವೂ ಅಲ್ಲಿ ಗೆಲ್ಲಬಹುದು, ಒಳ್ಳೆಯ ಬೈಕಿದ್ದರೆ. ಆದರೆ ಬಾರ್ನಿ ಅಲ್ಲಿಗೆ ನಿನ್ನೆ ಮೊನ್ನೆ ಬಂದ ತಂಡವಲ್ಲ. ಡುಕಾಟಿಯೊಂದಿಗೆ ವರ್ಷಗಟ್ಟಲೆ ಪಳಗಿದವರು.

ಇಷ್ಟಾದ ಮೇಲೆ ಕಳೆದುಕೊಳ್ಳುವುದರ ಲೆಕ್ಕವನ್ನೂ ಹಾಕಬೇಕು. 2025ರ ಮೋಟೋಜಿಪಿ ಗ್ರಿಡ್‌ನಲ್ಲಿ ಹನ್ನೊಂದು ತಂಡ, 22 ಬೈಕು, ಅಷ್ಟೇ. ದೊಡ್ಡ ಕಂಪನಿ ಹೋದರೂ ವಾಪಸ್ ಬರುತ್ತದೆ. ಸುಜುಕಿ 2011ರ ಕೊನೆಗೆ ಹೋಗಿ 2015ರಲ್ಲಿ ಬಂತು, 2020ರಲ್ಲಿ ಜೊವಾನ್ ಮಿರ್ ಜೊತೆ ಚಾಂಪಿಯನ್ ಆಯಿತು, 2022ರಲ್ಲಿ ಮತ್ತೆ ಹೋಯಿತು. ಎರಡನೇ ಸಲ ಹೋದದ್ದು ಸೋತು ಅಲ್ಲ, ಕೊನೆಯ ಮೂರು ರೇಸಿನಲ್ಲಿ ಎರಡನ್ನು ಅವರೇ ಗೆದ್ದಿದ್ದರು. ಅಪ್ರಿಲಿಯಾ 2004ರಲ್ಲಿ ಹೋಗಿ 2015ರಲ್ಲಿ ಬಂತು. ಆದರೆ ಸಣ್ಣ ತಂಡ ಹೀಗೆ ಹೋಗಿ ಬಂದು ಮಾಡಲಾಗದು. ಮಾರ್ಕ್ ವಿಡಿಎಸ್, ಆಸ್ಪರ್, ಬರ್ಡ್, ಅಯೋಡಾ, ಯಾರೂ ಮೋಟೋಜಿಪಿಗೆ ಮರಳಿಲ್ಲ. ಎದ್ದ ಕೂಡಲೇ ಕುರ್ಚಿಯಲ್ಲಿ ಇನ್ನೊಬ್ಬರು ಕೂತಿರುತ್ತಾರೆ. ಮಾರ್ಕ್ ವಿಡಿಎಸ್ ಬಿಟ್ಟ ಜಾಗಕ್ಕೆ ಮಲೇಷ್ಯಾದ ಪೆಟ್ರೊನಾಸ್ ತಂಡ ಬಂತು. 2023ರ ಕೊನೆಗೆ ಆರ್‌ಎನ್‌ಎಫ್ ತಂಡದ ಜಾಗ ಹೋದಾಗ ಅಮೆರಿಕದ ಟ್ರ್ಯಾಕ್‌ಹೌಸ್ ಬಂದು ಕೂತಿತು. 2025ರಲ್ಲಿ ಟೆಕ್3 ತಂಡವನ್ನು ಫಾರ್ಮುಲಾ ಒನ್‌ನಿಂದ ಬಂದ ಗುಂಟರ್ ಸ್ಟೈನರ್ ಮುಂದಾಳತ್ವದ ಗುಂಪು ಕೊಳ್ಳುವುದಾಗಿ ಘೋಷಿಸಿತು. ಅದೇ ವರ್ಷ ಜುಲೈನಲ್ಲಿ ಮೋಟೋಜಿಪಿ ಆಯೋಜಿಸುವ ಡೋರ್ನಾದ ಬಹುಪಾಲು ಫಾರ್ಮುಲಾ ಒನ್‌ನ ಒಡೆಯನಾದ ಲಿಬರ್ಟಿ ಮೀಡಿಯಾ ಕೈಗೆ ಹೋಗಿತ್ತು. ಹೊರಗಿನ ದುಡ್ಡು ಒಳಗೆ ಬರಲು ಸಾಲುಗಟ್ಟುತ್ತಿರುವ ಹೊತ್ತಿದು. ಈಗ ಜಾಗವನ್ನು ಸುಮ್ನೆ ಬಿಟ್ಟುಕೊಡುವವನು ವ್ಯಾಪಾರ ತಿಳಿಯದವನು. ಹೋಗುವುದೇ ಆದರೆ ಪಾಲುದಾರರನ್ನು ಸೇರಿಸಿಕೊಳ್ಳಬಹುದು, ಇಲ್ಲ ಮಾರಬಹುದು.

2027ರ ನಿಯಮಗಳನ್ನೂ ಮರೆಯಬಾರದು. ಎಂಜಿನ್ 1000 ಸಿಸಿಯಿಂದ 850ಕ್ಕೆ ಇಳಿಯುತ್ತದೆ. ಬೆನ್ನು ತಗ್ಗಿಸುವ ಸಾಧನಗಳು ನಿಷೇಧ. ಗಾಳಿಯ ಬಲದಿಂದ ಬೈಕನ್ನು ನೆಲಕ್ಕೆ ಒತ್ತುವ ರೆಕ್ಕೆಗಳ ಗಾತ್ರ ಕಡಿತ. ಟೈರು ಮಿಶೆಲಿನ್‌ನಿಂದ ಪಿರೆಲ್ಲಿಗೆ. ಅಂದರೆ ಎಲ್ಲರ ನೋಟ್‌ಬುಕ್ಕೂ ಒಂದೇ ದಿನ ರದ್ದಿಗೆ! ಹಿಂದಿರುವವರಿಗೆ ಇಂಥ ಅವಕಾಶ ವರ್ಷವರ್ಷ ಬರುವುದಿಲ್ಲ. ಅದಕ್ಕೆ ಮುಂಚೆಯೇ ಹೊರಡುವ ತಂಡ ಪರೀಕ್ಷೆಯ ಹಿಂದಿನ ದಿನ ಶಾಲೆ ಬಿಟ್ಟಂತೆ. ಕಾಯಲು ದುಡ್ಡಿಲ್ಲದಿದ್ದರೆ ಬೇರೆ ಮಾತು.

ಹಾಗಾದರೆ ನಿಮ್ಮ ತಂಡದ ಸುದ್ದಿಯನ್ನು ಹೇಗೆ ಓದುವುದು? ಎಲ್ಲಿಗೆ ಹೋಗುತ್ತಾರೆ ಎನ್ನುವುದಕ್ಕಿಂತ ಎಲ್ಲಿಂದ ಬಂದವರು ಅಂತ ಮೊದಲು ನೋಡಿ. ಮೋಟೋ2ರಿಂದ ಮೇಲೆ ಬಂದವರಾಗಿದ್ದು, ಅಲ್ಲಿ ಈಗಲೂ ಅವರ ಒಂದು ತಂಡ ಓಡುತ್ತಿದ್ದರೆ, ಮೋಟೋ2ಗೆ ಮರಳುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಎಂಜಿನ್ ಎಲ್ಲರಿಗೂ ಒಂದೇ ಆದ್ದರಿಂದ ಸಣ್ಣ ತಂಡದ ಜಾಣ್ಮೆಗೆ ಅಲ್ಲಿ ಬೆಲೆ ಇದೆ. ಸೂಪರ್‌ಬೈಕ್ ಅಂತಾದರೆ ಯಾವ ಕಂಪನಿಯ ಬೈಕು, ಆ ಕಂಪನಿ ಬಿಡಿಭಾಗ ಮಾತ್ರ ಕೊಡುತ್ತದೋ, ಎಂಜಿನಿಯರ್‌ನನ್ನೂ ಕಳಿಸುತ್ತದೋ ನೋಡಿ. ಹೆಸರು ಹೇಳದೆ "ಮಾತುಕತೆ ನಡೆಯುತ್ತಿದೆ" ಅಂತ ತಿಂಗಳುಗಟ್ಟಲೆ ಎಳೆದರೆ ಬೈಕು ಸಿಕ್ಕಿಲ್ಲ ಅಂತಲೇ ಅರ್ಥ. 2013ರಿಂದ ಎರಡೂ ಚಾಂಪಿಯನ್‌ಶಿಪ್ ಒಬ್ಬರೇ ಆಯೋಜಕರ ಕೈಯಲ್ಲಿವೆ. ಹಾಗಾಗಿ ಅನುಮತಿ ಸಿಗುವುದು ಕಷ್ಟವಲ್ಲ, ಬೈಕು ಸಿಗುವುದು ಕಷ್ಟ.

ಆಮೇಲೆ ಕ್ಯಾಲೆಂಡರ್ ನೋಡಿ. ಸೂಪರ್‌ಬೈಕ್ ಸೀಸನ್ ಫೆಬ್ರುವರಿ ಕೊನೆಗೆ ಫಿಲಿಪ್ ಐಲ್ಯಾಂಡಿನಲ್ಲಿ ಶುರುವಾಗುತ್ತದೆ. ಜನವರಿಯಲ್ಲಿ ಯೂರೋಪಿನ ಟೆಸ್ಟ್‌ಗಳು, ಅದಾದ ಮೇಲೆ ಸಾಮಾನು ಆಸ್ಟ್ರೇಲಿಯಾಕ್ಕೆ ಹೊರಡಬೇಕು. ನವೆಂಬರಿನಲ್ಲೇ ಹೊಸ ಬೈಕು ತಂಡದ ಕೈ ಸೇರಿ, ಹಳೆಯ ಕ್ರೂ ಚೀಫ್ ಜೊತೆಗೇ ಉಳಿದಿದ್ದರೆ ಆಸೆ ಇಟ್ಟುಕೊಳ್ಳಿ. ಜನವರಿ ಮಧ್ಯದಲ್ಲಿ ಬೈಕಿಗೆ ಇನ್ನೂ ಬಣ್ಣ ಹೊಡೆಯುತ್ತಿದ್ದರೆ ಮೊದಲ ಆರು ಸುತ್ತಿನ ಫಲಿತಾಂಶ ನೋಡಲೇಬೇಡಿ. ಆ ಸಮಯದಲ್ಲಿ ಅವರು ರೇಸು ಓಡುತ್ತಿರುವುದಿಲ್ಲ, ಟೈರು ಕಲಿಯುತ್ತಿರುತ್ತಾರೆ.